ಸಾಸಿವೆ ಡಬ್ಬಿಯಿಂದ ಫೋನಿಗೆ: ಕೀನ್ಯಾದ ಮೈಕ್ರೋಫೈನಾನ್ಸ್ ಬ್ಯಾಂಕುಗಳ ಕತೆ

ನಮ್ಮಲ್ಲಿ ಮೈಕ್ರೋಫೈನಾನ್ಸ್ ಅಂದ ಕೂಡಲೇ ನೆನಪಾಗುವುದು ವಾರದ ಕಂತು ವಸೂಲಿಗೆ ಬರುವವರು. ಅವರು ಸಾಲ ಕೊಡುತ್ತಾರೆ, ಜನ ಕಟ್ಟುತ್ತಾರೆ. ಅವರ ಹತ್ತಿರ ನಮ್ಮ ಉಳಿತಾಯ ಇಡುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಬಿಡುವುದಿಲ್ಲ. ಕೀನ್ಯಾದಲ್ಲಿ ಹಾಗಲ್ಲ. ಅಲ್ಲಿ ಪರವಾನಗಿ ಪಡೆದ ಮೈಕ್ರೋಫೈನಾನ್ಸ್ ಸಂಸ್ಥೆ ಜನರಿಂದ ಠೇವಣಿಯನ್ನೂ ತೆಗೆದುಕೊಳ್ಳಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಇವತ್ತು ಇವುಗಳಲ್ಲಿ ಹಲವು ನಷ್ಟದಲ್ಲಿವೆ, ಕೆಲವು ಕೈ ಬದಲಾಗಿವೆ, ಕೆಲವುಗಳ ಹೆಸರೂ ಬದಲಾಗಿದೆ. ಶುರುವಿನಿಂದ ನೋಡದಿದ್ದರೆ ತಲೆಬುಡ ತಿಳಿಯುವುದಿಲ್ಲ.

ಮೊದಲ ಇಪ್ಪತ್ತು ವರ್ಷದ ಕತೆ ಚಿಕ್ಕದು. 1981ರಲ್ಲಿ ಕೀನ್ಯಾ ವಿಮೆನ್ ಫೈನಾನ್ಸ್ ಟ್ರಸ್ಟ್, 1984ರಲ್ಲಿ ಅಮೆರಿಕದ ನೆರವಿನಿಂದ ಕೆ-ರೆಪ್, ತೊಂಬತ್ತರ ದಶಕದ ಆರಂಭದಲ್ಲಿ ಫಾವುಲು, ಹೀಗೆ ಸಣ್ಣ ಸಾಲ ಕೊಡುವ ಸಂಸ್ಥೆಗಳು ಒಂದೊಂದಾಗಿ ಬಂದವು. ಎಲ್ಲವೂ ಹುಟ್ಟಿದ್ದು ದಾನಿಗಳ ದುಡ್ಡಿನಲ್ಲಿ. ದೊಡ್ಡ ಬ್ಯಾಂಕುಗಳು ಹಳ್ಳಿಯ ಶಾಖೆ ಮುಚ್ಚಿ, ಖಾತೆಯಲ್ಲಿ ಇರಲೇಬೇಕಾದ ಮೊತ್ತ ಏರಿಸುತ್ತಿದ್ದ ಕಾಲದಲ್ಲಿ ಇವು ಬೆಳೆದವು.

ಬೆಳೆದದ್ದು ಹೇಗೆ ಅನ್ನೋದು ಮುಖ್ಯ. ಕೀನ್ಯಾದ ಹೆಂಗಸರಿಗೆ ಚಾಮಾ ಹೊಸದಲ್ಲ. ಅದು ನಮ್ಮ ಚೀಟಿ ಇದ್ದ ಹಾಗೆ. ಎಷ್ಟೋ ಚಾಮಾಗಳಲ್ಲಿ ಹರಾಜು ಇಲ್ಲ, ಎಲ್ಲರೂ ಹಾಕಿದ ದುಡ್ಡು ಸರದಿ ಪ್ರಕಾರ ಒಬ್ಬೊಬ್ಬರಿಗೆ ಹೋಗುತ್ತದೆ. ಈ ಸಂಸ್ಥೆಗಳು ಸಾಲ ಕೊಟ್ಟದ್ದು ಇಂಥ ಗುಂಪುಗಳಿಗೇ. ಇಪ್ಪತ್ತು ಮೂವತ್ತು ಜನ ಚರ್ಚಿನ ಅಂಗಳದಲ್ಲೋ ಮರದ ಕೆಳಗೋ ಸೇರುತ್ತಿದ್ದರು. ಮಾಮಾ ಮ್ಬೋಗಾ, ಅಂದರೆ ತರಕಾರಿ ಮಾರುವ ಹೆಂಗಸು, ಬೆಳಗಿನ ವ್ಯಾಪಾರ ಮುಗಿಸಿ ಬರುತ್ತಿದ್ದಳು. ಖಜಾಂಚಿ ನೋಟು ಎಣಿಸಿ, ಪಾಸ್‌ಬುಕ್ಕಿನಲ್ಲಿ ಬರೆದು, ಎಲ್ಲರೆದುರೇ ಲೆಕ್ಕ ಹೇಳುತ್ತಿದ್ದಳು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ಬಾಕಿ ಇಟ್ಟವಳ ಮನೆಯಿಂದ ಸೋಫಾ, ಟಿವಿ ಹೊತ್ತು ತಂದದ್ದೂ ಇದೆ. ಇದನ್ನು ಸುಮ್ನೆ ಹೊಗಳುವ ಹಾಗಿಲ್ಲ. ಆದರೆ ಯಾರ ಗಂಡನಿಗೆ ಕೆಲಸ ಹೋಯಿತು, ಯಾರ ಮಗುವಿಗೆ ಹುಷಾರಿಲ್ಲ ಅನ್ನೋದು ಆ ಗುಂಪಿಗೆ ಗೊತ್ತಿರುತ್ತಿತ್ತು. ಅಷ್ಟು ಖಚಿತ ಮಾಹಿತಿ ಇನ್ನಾವ ಬ್ಯಾಂಕಿನ ಹತ್ತಿರವೂ ಇರಲಿಲ್ಲ.

ತೊಡಕು ಇದ್ದದ್ದು ಉಳಿತಾಯದಲ್ಲಿ. ಸಾಲ ಬೇಕಾದರೆ ಸದಸ್ಯರು ಮೊದಲು ಒಂದಿಷ್ಟು ಉಳಿಸಿ ತೋರಿಸಬೇಕು. ಆ ದುಡ್ಡು ಸಾಲಕ್ಕೆ ಜಾಮೀನು. ಸಾಲ ತೀರುವ ತನಕ ಅವರು ತೆಗೆಯುವಂತಿಲ್ಲ. ಬ್ಯಾಂಕ್ ಲೈಸೆನ್ಸ್ ಇಲ್ಲದ ಸಂಸ್ಥೆಯೂ ಅದನ್ನು ಇನ್ನೊಬ್ಬರಿಗೆ ಸಾಲ ಕೊಡುವಂತಿಲ್ಲ. ದುಡ್ಡು ಯಾವುದೋ ವಾಣಿಜ್ಯ ಬ್ಯಾಂಕಿನಲ್ಲಿ ಕೂತಿರುತ್ತಿತ್ತು. ಸಂಸ್ಥೆ ಮತ್ತೆ ಬ್ಯಾಂಕಿನಿಂದಲೋ ದಾನಿಯಿಂದಲೋ ಸಾಲ ತಂದು ಅದೇ ಸದಸ್ಯರಿಗೆ ಜಾಸ್ತಿ ಬಡ್ಡಿಗೆ ಕೊಡಬೇಕಿತ್ತು. ವಿಚಿತ್ರ ಅಲ್ವಾ? ಇದರಿಂದ ಹೊರಬರಲು ಕೆ-ರೆಪ್ 1999ರಲ್ಲಿ ಪೂರ್ಣ ವಾಣಿಜ್ಯ ಬ್ಯಾಂಕೇ ಆಗಿಬಿಟ್ಟಿತು. ಎಲ್ಲರಿಗೂ ಅಷ್ಟು ಬಂಡವಾಳ ಎಲ್ಲಿಂದ ಬರಬೇಕು?

ಆ ನಡುವಿನ ಜಾಗಕ್ಕೆ ಬಂದದ್ದೇ 2006ರ ಮೈಕ್ರೋಫೈನಾನ್ಸ್ ಕಾಯ್ದೆ. ದೇಶಾದ್ಯಂತ ಕೆಲಸ ಮಾಡಲು 6 ಕೋಟಿ ಶಿಲಿಂಗ್ ಬಂಡವಾಳ, ಒಂದು ಪ್ರದೇಶಕ್ಕೆ ಸೀಮಿತವಾದರೆ 2 ಕೋಟಿ. ಮೇಲ್ವಿಚಾರಣೆ ಕೇಂದ್ರ ಬ್ಯಾಂಕಿನದು. ಆ ಹೊತ್ತಿಗೆ ಪಿರಮಿಡ್ ಸ್ಕೀಮುಗಳಲ್ಲಿ ದುಡ್ಡು ಕಳೆದುಕೊಂಡ ಜನ ದೇಶದ ತುಂಬಾ ಇದ್ದರು, ಆದ್ದರಿಂದ ಬಿಗಿ ನಿಯಮ ಯಾರಿಗೂ ತಪ್ಪು ಅನ್ನಿಸಲಿಲ್ಲ. ಕಾಯ್ದೆ ಜಾರಿಯಾದದ್ದು 2008ರ ಮೇನಲ್ಲಿ. ಮೊದಲ ಲೈಸೆನ್ಸ್ ಫಾವುಲುಗೆ, 2009ರ ಮೇನಲ್ಲಿ. ವಿಮೆನ್ ಫೈನಾನ್ಸ್ ಟ್ರಸ್ಟ್‌ಗೆ 2010ರಲ್ಲಿ.

ಲೈಸೆನ್ಸ್ ಸಿಕ್ಕ ಮೇಲೆ ಖರ್ಚು ಶುರು. ಠೇವಣಿ ತೆಗೆದುಕೊಳ್ಳುವ ಪ್ರತಿ ಶಾಖೆಗೂ ಕೇಂದ್ರ ಬ್ಯಾಂಕಿನ ಒಪ್ಪಿಗೆ ಬೇಕು. ಕೌಂಟರ್, ಭದ್ರ ತಿಜೋರಿ, ಕಂಪ್ಯೂಟರ್ ವ್ಯವಸ್ಥೆ ಬೇಕು. ಮರದ ಕೆಳಗಿನ ಸಭೆಗೆ ಬರುತ್ತಿದ್ದ ಸಿಬ್ಬಂದಿಯ ಜೊತೆಗೆ ಈಗ ಕೌಂಟರಿನ ಹಿಂದೆ ಕೂರುವವರ ಸಂಬಳವೂ ಸೇರಿತು. ಇಷ್ಟೆಲ್ಲ ಮಾಡಿ ಬಾಗಿಲು ತೆರೆದು ಕೂತವರಿಗೆ ಕಾದಿದ್ದು ಬೇರೆಯೇ.

2007ರ ಮಾರ್ಚಿನಲ್ಲೇ ಸಫಾರಿಕಾಮ್ ಎಂಬ ಮೊಬೈಲ್ ಕಂಪನಿ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ತಂದಿತ್ತು. ಹಳ್ಳಿಗೆ ದುಡ್ಡು ಕಳಿಸೋಕೆ ಅಂತ ಶುರುವಾದದ್ದು, ಜನ ಅದರಲ್ಲೇ ದುಡ್ಡು ಬಿಡತೊಡಗಿದರು. ನಮ್ಮಲ್ಲಿ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ನೋಟು ಬಚ್ಚಿಡುತ್ತಿದ್ದರಲ್ಲ, ಅಲ್ಲಿ ಆ ಡಬ್ಬಿ ಫೋನಿನೊಳಗೆ ಹೋಯಿತು. 2012ರ ನವೆಂಬರಿನಲ್ಲಿ ಎಂ-ಪೆಸಾ ಜೊತೆಗೇ ಉಳಿತಾಯ, ಸಾಲ ಎರಡೂ ಕೊಡುವ ಎಂ-ಶ್ವಾರಿ ಬಂತು: ಒಂದು ಶಿಲಿಂಗ್‌ನಿಂದ ಉಳಿತಾಯ, ನೂರು ಶಿಲಿಂಗ್‌ನಿಂದ ಸಾಲ, ಮೂವತ್ತು ದಿನಕ್ಕೆ ಶೇ. 7.5 ಶುಲ್ಕ. ವರ್ಷದ ಲೆಕ್ಕ ಹಾಕಿದರೆ ಅದು ಎಷ್ಟಾಗುತ್ತದೆ ಅಂತ ಸಾಲ ತೆಗೆಯುವವರು ಕೂತು ನೋಡಲಿಲ್ಲ. ಸಭೆಗೆ ಹೋಗಬೇಕಿಲ್ಲ, ಯಾರೆದುರೂ ತಲೆ ತಗ್ಗಿಸಬೇಕಿಲ್ಲ. ಗುಂಪಿನ ಕಂತನ್ನೂ ಫೋನಿನಲ್ಲೇ ಕಟ್ಟುವಂತಾದಾಗ ಸಭೆಗಳು ತೆಳುವಾದವು. ಸಂಸ್ಥೆಗಳು ಅದನ್ನು ಆಗ ಉಳಿದ ಖರ್ಚು ಅಂತ ಲೆಕ್ಕಕ್ಕೆ ಬರೆದುಕೊಂಡವು. ನನ್ನ ಮಟ್ಟಿಗೆ ಕಳೆದುಕೊಂಡದ್ದು ಅಲ್ಲಿಯೇ.

2013ರ ತಿದ್ದುಪಡಿಯಲ್ಲಿ ಇವಕ್ಕೆ 'ಮೈಕ್ರೋಫೈನಾನ್ಸ್ ಬ್ಯಾಂಕ್' ಎಂಬ ಹೆಸರು ಬಂತು. ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಸಾಲದ ಆಪ್‌ಗಳು ಬಂದವು. ಸಾವಿರ ಶಿಲಿಂಗ್‌ಗಿಂತ ಕಡಿಮೆ ಬಾಕಿಗೂ ಜನರ ಹೆಸರು ಕ್ರೆಡಿಟ್ ಬ್ಯೂರೋದ, ಅಂದರೆ ಸಾಲದ ದಾಖಲೆ ಇಡುವ ಸಂಸ್ಥೆಯ, ಬಾಕಿದಾರರ ಪಟ್ಟಿಗೆ ಸೇರಿತು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಉಳಿದ ಸಭೆಗಳೂ ನಿಂತವು. ಅದೇ ವರ್ಷ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷ ಶಿಲಿಂಗ್‌ಗೆ ಏರಿತು. ಇಟ್ಟವರಿಗೆ ಅದು ದೊಡ್ಡ ಧೈರ್ಯವೇ, ಆದರೆ ಇಡುವವರು ಆಗಲೇ ಬೇರೆ ಕಡೆ ಇಡುತ್ತಿದ್ದರು.

2022ರಲ್ಲಿ ಸೆಂಚುರಿ ಎಂಬ ಸಣ್ಣ ಮೈಕ್ರೋಫೈನಾನ್ಸ್ ಬ್ಯಾಂಕಿನ ಬಹುಪಾಲು ಶೇರು ಮಾರಾಟವಾಯಿತು. ಕೊಂಡದ್ದು ಬ್ರಾಂಚ್, ಕೀನ್ಯಾದಲ್ಲಿ ಮನೆಮಾತಾಗಿದ್ದ ಸಾಲದ ಆಪ್ ನಡೆಸುವ ಅಮೆರಿಕದ ಕಂಪನಿ. ಫೋನಿನಲ್ಲಿ ಸಾಲ ಕೊಡುವುದು ಅದಕ್ಕೆ ಮೊದಲೇ ಗೊತ್ತಿತ್ತು. ಈಗ ಠೇವಣಿ ತೆಗೆದುಕೊಳ್ಳುವ ಲೈಸೆನ್ಸೂ ಕೈಗೆ ಬಂತು.