120 ಮಿ.ಲೀ. ಎಣ್ಣೆ ಅಂದರೆ 120 ಗ್ರಾಂ ಎಣ್ಣೆಯೇ?

ಪ್ರಶ್ನೆ: ಕೇಕ್ ರೆಸಿಪಿಯೊಂದರಲ್ಲಿ 120 ಮಿ.ಲೀ. ಎಣ್ಣೆ, 60 ಮಿ.ಲೀ. ಜೇನುತುಪ್ಪ ಎಂದಿದೆ. ನನ್ನ ಹತ್ತಿರ ಅಳತೆಯ ಕಪ್ ಇಲ್ಲ, ಡಿಜಿಟಲ್ ಸ್ಕೇಲ್ ಇದೆ. 120 ಗ್ರಾಂ, 60 ಗ್ರಾಂ ಎಂದೇ ತೂಗಿ ಹಾಕಿದರೆ ನಡೆಯುತ್ತದೆಯೇ?

ಉತ್ತರ: ಇಲ್ಲ. ಎಣ್ಣೆ 110 ಗ್ರಾಂ ಹಾಕಿ, ಜೇನುತುಪ್ಪ 85 ಗ್ರಾಂ. ಎಣ್ಣೆಯಲ್ಲಿ ಆಗುವ ವ್ಯತ್ಯಾಸ ಸಣ್ಣದು, ಒಂದು ಚಮಚದಷ್ಟು ಹೆಚ್ಚು ಬೀಳುತ್ತದೆ. ಜೇನುತುಪ್ಪದಲ್ಲಿ ಹಾಗಲ್ಲ. 60 ಗ್ರಾಂ ತೂಗಿದರೆ ಸಿಗುವುದು ಸುಮಾರು 42 ಮಿ.ಲೀ. ಮಾತ್ರ, ಸಿಹಿಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಕಡಿಮೆ.

ಮಿ.ಲೀ. ಜಾಗದ ಲೆಕ್ಕ, ಗ್ರಾಂ ತೂಕದ ಲೆಕ್ಕ. ನೀರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿಗೆ ಬರುತ್ತವೆ, ಅದಕ್ಕೇ ಎಲ್ಲಕ್ಕೂ ಹಾಗೇ ಎಂಬ ನಂಬಿಕೆ ಬೆಳೆದಿದೆ. ಆದರೆ ಒಗ್ಗರಣೆಯ ಎಣ್ಣೆ ಸಾರಿನ ಮೇಲೆ ತೇಲುವುದನ್ನು ದಿನವೂ ನೋಡುತ್ತೇವೆ. ನೀರಿನ ಲೋಟಕ್ಕೆ ಬಿಟ್ಟ ಜೇನು ನೇರ ತಳಕ್ಕಿಳಿಯುತ್ತದೆ. ಎಣ್ಣೆ ನೀರಿಗಿಂತ ಹಗುರ, ಜೇನು ಭಾರ.

ಎಣ್ಣೆಯ ಲೆಕ್ಕ ನಿಮ್ಮ ಮನೆಯಲ್ಲೇ ಅಚ್ಚಾಗಿದೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ತಿರುಗಿಸಿ ನೋಡಿ, ಪಕ್ಕದಲ್ಲೇ 910 ಗ್ರಾಂ ಎಂದಿರುತ್ತದೆ. ಅಂದರೆ ಮಿ.ಲೀ.ಯನ್ನು 0.91ರಿಂದ ಗುಣಿಸಿದರೆ ಗ್ರಾಂ ಸಿಕ್ಕಿತು. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಕರಗಿದ ತುಪ್ಪ ಎಲ್ಲವೂ ಇದರ ಆಸುಪಾಸಿನಲ್ಲೇ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ಅಳತೆ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಚಳಿಗೆ ಹರಳುಗಟ್ಟಿದ ತುಪ್ಪವನ್ನು ಕರಗಿಸಿ ಅಳೆಯುವ ಕಷ್ಟವೇ ಬೇಡ, ಗಟ್ಟಿಯಾಗಿದ್ದಂತೆಯೇ ತೂಗಬಹುದು. ನಾನು ಸ್ಕೇಲಿನ ಪರ ನಿಲ್ಲುವುದು ಇದಕ್ಕೇ.

ಹಾಲು, ಮಜ್ಜಿಗೆ, ವಿನೆಗರ್‌ಗೆ ಗುಣಾಕಾರ ಬೇಕಿಲ್ಲ. 240 ಮಿ.ಲೀ. ಹಾಲು 247 ಗ್ರಾಂ ತೂಗುತ್ತದೆ, ಆ ಏಳು ಗ್ರಾಂನಿಂದ ಯಾವ ಅಡುಗೆಯೂ ಕೆಡುವುದಿಲ್ಲ.

ಒಂದು ಎಚ್ಚರಿಕೆ. ಕೆಲವು ಸ್ಕೇಲ್‌ಗಳಲ್ಲಿ ಮಿ.ಲೀ. ತೋರಿಸುವ ಬಟನ್ ಇರುತ್ತದೆ. ಪಾತ್ರೆಯಲ್ಲಿ ಎಣ್ಣೆ ಇದೆಯೋ ಜೇನು ಇದೆಯೋ ಸ್ಕೇಲಿಗೆ ಗೊತ್ತಾಗುವುದಿಲ್ಲ. ಅದು ತೂಕವನ್ನು ನೀರಿನ ಲೆಕ್ಕಕ್ಕೆ, ಕೆಲವದರಲ್ಲಿ ಹಾಲಿನ ಲೆಕ್ಕಕ್ಕೆ ತಿರುಗಿಸಿ ತೋರಿಸುತ್ತದೆ ಅಷ್ಟೆ. ಎಣ್ಣೆಗೆ, ಜೇನಿಗೆ ಆ ಬಟನ್ ಒತ್ತಬೇಡಿ, ಗ್ರಾಂನಲ್ಲೇ ಇರಿ. ರೆಸಿಪಿ ‘ಒಂದು ಕಪ್’ ಎಂದಷ್ಟೇ ಹೇಳಿದ್ದರೆ ಅದು ಯಾವ ಊರಿನ ಕಪ್ ಎಂದೂ ನೋಡಿ. ಅಮೆರಿಕದ್ದು ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದ್ದು 250.

ಇನ್ನು ಜೋನಿ ಬೆಲ್ಲದಂಥ ಪದಾರ್ಥ. ಇದರ ಅಂಕಿ ಪ್ಯಾಕೆಟ್ ಮೇಲೆ ಹುಡುಕುವುದಕ್ಕಿಂತ ಮನೆಯಲ್ಲೇ ಕಂಡುಕೊಳ್ಳುವುದು ಸುಲಭ. ಸಣ್ಣ ಸ್ಟೀಲ್ ಲೋಟವನ್ನು ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ ತೂಕ ಬರೆದುಕೊಳ್ಳಿ. ಲೋಟ ಒರೆಸಿ ಒಣಗಿಸಿ, ಅದೇ ಅಂಚಿನವರೆಗೆ ಜೋನಿ ಬೆಲ್ಲ ಸುರಿಯಿರಿ. ನೊರೆ, ಗುಳ್ಳೆ ಇದ್ದರೆ ಇಳಿಯಲು ಬಿಡಿ. ನೀರು 200 ಗ್ರಾಂ, ಬೆಲ್ಲ 270 ಗ್ರಾಂ ಬಂತು ಅನ್ನಿ. 270ನ್ನು 200ರಿಂದ ಭಾಗಿಸಿದರೆ 1.35. ರೆಸಿಪಿಯ ಮಿ.ಲೀ.ಯನ್ನು ಇನ್ನು ಮೇಲೆ 1.35ರಿಂದ ಗುಣಿಸಿದರಾಯಿತು. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿಡಿ. ಹೊಸ ಡಬ್ಬಿ ತಂದಾಗ ಮಾತ್ರ ಮತ್ತೊಮ್ಮೆ ತೂಗಿ, ಬೆಲ್ಲ ಕಾಯಿಸಿದ ಹದ ಪ್ರತಿ ಸಲವೂ ಒಂದೇ ಇರುವುದಿಲ್ಲ.