ಒಂದು ಅಕ್ಷರಕ್ಕೆ ಅಷ್ಟೊಂದು ಜಗಳ ಯಾಕೆ?

ದೀಕ್ಷಾಸ್ನಾನಕ್ಕೆ ಮುಂಚಿನ ತರಗತಿಯಲ್ಲಿ ವಿಶ್ವಾಸ ಪ್ರಮಾಣದ, ಅಂದರೆ ನಾವು ನಂಬುವುದನ್ನು ಸಾರುವ ಹೇಳಿಕೆಯ ಪಾಠ ಶುರುವಾದ ದಿನ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಪಾಸ್ಟರ್, ಯೇಸುವನ್ನು ಪ್ರೀತಿಸಿದರೆ ಸಾಲದಾ? ಈ ಸಿದ್ಧಾಂತವೆಲ್ಲ ಯಾಕೆ?”

ನಾನು ತಿರುಗಿ ಕೇಳುತ್ತೇನೆ: “ಯಾವ ಯೇಸುವನ್ನು?”

ಆಮೇಲೆ ಬೋರ್ಡಿನ ಮೇಲೆ ಎರಡು ಗ್ರೀಕ್ ಪದ ಬರೆಯುತ್ತೇನೆ. ಹೋಮೋಊಸಿಯೋಸ್, ಹೋಮೋಯಿಊಸಿಯೋಸ್. ಮೊದಲನೆಯದು ತಂದೆಯಾದ ದೇವರ ಸ್ವರೂಪವೇ ಮಗನಾದ ಯೇಸುವಿನದ್ದೂ ಎನ್ನುತ್ತದೆ. ಎರಡನೆಯದು ಬರೀ ಹೋಲುತ್ತದೆ ಎನ್ನುತ್ತದೆ. ನಡುವೆ ಇರುವುದು ಅಯೋಟಾ ಎಂಬ ಪುಟ್ಟ ಅಕ್ಷರ. ತರಗತಿಯಲ್ಲಿ ನಗು ಏಳುತ್ತದೆ. ಇಷ್ಟಕ್ಕೇನಾ ಜಗಳ?

ಜಗಳದ ಬೇರು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿತ್ತು. ಅಲ್ಲಿನ ಪಾದ್ರಿ ಆರಿಯಸ್, ಮಗನೂ ದೇವರ ಸೃಷ್ಟಿಯೇ, ಅವನು ಇಲ್ಲದಿದ್ದ ಹೊತ್ತೂ ಒಂದಿತ್ತು ಎಂದು ಕಲಿಸಿದ. ಕೇಳಲು ಸರಳ, ತರ್ಕಕ್ಕೂ ಒಪ್ಪುವಂಥದ್ದು. ಆದರೆ ಜನ ಆಗಲೇ ಯೇಸುವಿಗೆ ಪ್ರಾರ್ಥನೆ ಮಾಡುತ್ತಿದ್ದರು, ಅವನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಿದ್ದರು. ಅವನು ಸೃಷ್ಟಿಯಾಗಿದ್ದರೆ ಅದು ವಿಗ್ರಹಾರಾಧನೆಯೇ ಆಯಿತು, ಅಲ್ವಾ? ಕ್ರಿ.ಶ. 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಕೂಡಿದ ಬಿಷಪ್‌ಗಳು ಮೊದಲ ಪದವನ್ನು ವಿಶ್ವಾಸ ಪ್ರಮಾಣಕ್ಕೆ ಸೇರಿಸಿದರು; ಎರಡನೆಯದು ಚರ್ಚೆಗೆ ಬಂದದ್ದು ಆಮೇಲೆ. ಅದು ಬೈಬಲ್‌ನಲ್ಲಿ ಇಲ್ಲದ ಪದ. ಪ್ರಾರ್ಥನೆ ಮೊದಲೇ ಇತ್ತು, ಅದನ್ನು ಕಾಯಲು ಪದ ಆಮೇಲೆ ಬಂತು. ನನ್ನ ಮಟ್ಟಿಗೆ ಸಿದ್ಧಾಂತದ ಕೆಲಸವೇ ಇದು.

ಹಾಗಂತ ಒಂದೇ ಸಭೆಯಲ್ಲಿ ಎಲ್ಲ ಮುಗಿಯಲಿಲ್ಲ. ಆ ಮೊದಲ ಪದದ ಪರ ನಿಂತ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಐದು ಸಲ ಗಡಿಪಾರಾದ. ಚಕ್ರವರ್ತಿಗಳು ಬದಲಾದಂತೆ ಗಾಳಿಯೂ ಬದಲಾಗುತ್ತಿತ್ತು.

ಸಿದ್ಧಾಂತವನ್ನು ದೊಣ್ಣೆ ಮಾಡಿಕೊಂಡವರನ್ನೂ ನೋಡಿದ್ದೇನೆ. ಹೊಸದರಲ್ಲಿ ನಾನೂ ಹಾಗೇ ಇದ್ದೆ, ತಪ್ಪು ಹಿಡಿಯುವುದರಲ್ಲೇ ಜಾಸ್ತಿ ಖುಷಿ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ ಎಂಬ ಯಾಕೋಬನ ಪತ್ರದ ಮಾತು ಆಗ ನನಗೆ ಚುಚ್ಚಬೇಕಿತ್ತು.

ಚುಚ್ಚಿದ್ದು ಒಂದು ಆಸ್ಪತ್ರೆಯಲ್ಲಿ. ಮಗುವನ್ನು ಕಳೆದುಕೊಂಡ ಅಪ್ಪ ಕೇಳಿದರು: “ಮೇಲೆ ಕೂತಿರೋ ದೇವರಿಗೆ ನನ್ನ ನೋವು ಹೇಗೆ ಗೊತ್ತಾಗುತ್ತೆ?” ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು 451ರಲ್ಲಿ ಕಾಲ್ಸಿಡನ್ ಊರಿನಲ್ಲಿ ಕೂಡಿದ ಬಿಷಪರ ಸಭೆ ಹೇಳಿತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅವನು ಸುಮ್ನೆ ಮನುಷ್ಯನ ವೇಷ ಹಾಕಿದ್ದವನಾಗಿದ್ದರೆ ಆ ಅಪ್ಪನಿಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಸತ್ತ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಯೇಸು ಅತ್ತದ್ದನ್ನು ಹೇಳಿದೆ. ಕಾಲ್ಸಿಡನ್ ಹೆಸರು ಎತ್ತಲಿಲ್ಲ.