ಕುದುರೆಮುಖ: ಕೆಸರು ಹೇಳಿದ ಸಾಕ್ಷ್ಯ

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ವರ್ಷಕ್ಕೆ ಸುಮಾರು ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಇಂಥ ಜಾಗದಲ್ಲಿ ಬಯಲುಗಣಿ ತೆರೆಯಬಹುದೆಂದು ಯಾರಿಗೆ ಹೊಳೆಯಿತೋ!

ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾದದ್ದು 1976ರಲ್ಲಿ. ಅದಿರು ಕೊಳ್ಳಬೇಕಿದ್ದ ಇರಾನ್, 1979ರ ಕ್ರಾಂತಿಯ ನಂತರ ಹಿಂದೆ ಸರಿಯಿತು. ಗಣಿ ಮಾತ್ರ ನಿಲ್ಲಲಿಲ್ಲ. ಗುಡ್ಡ ಬಗೆದು, ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಯಿತು. ಉಳಿದ ಕೆಸರು, ಅದನ್ನು ಹಿಡಿದಿಡಲೆಂದೇ ಕಟ್ಟಿದ ಲಕ್ಯಾ ಅಣೆಕಟ್ಟೆ ಸೇರಿತು. ಅಗೆದ ಇಳಿಜಾರಿನ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿತ್ತು.

ಕಾಡಿನ ಪರವಾದ ಮೊದಲ ವಾದಕ್ಕೆ ಆಧಾರ ಸಿಂಗಳೀಕ, ಪಶ್ಚಿಮ ಘಟ್ಟದ ಕಾಡುಗಳಲ್ಲಷ್ಟೇ ಇರುವ ಕೋತಿ. ವನ್ಯಜೀವಿ ತಜ್ಞ ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ನಡೆಸಿದ ಅದರ ಸಮೀಕ್ಷೆಯ ಹಿನ್ನೆಲೆಯಲ್ಲಿ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಆದರೂ ಗಣಿಯ ಸದ್ದು ಅಡಗಲಿಲ್ಲ.

ಕಂಪನಿ ಹುಟ್ಟುವ ಮೊದಲೇ ಆಗಿದ್ದ ಮೂವತ್ತು ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿದು ಕಂಪನಿ ನವೀಕರಣ ಕೇಳಿದಾಗ ಸ್ವಯಂಸೇವಕರ ಹೋರಾಟ ಬಿರುಸಾಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಮತ್ತು ಅವರಿದ್ದ ವೈಲ್ಡ್‌ಲೈಫ್ ಫಸ್ಟ್ ತಂಡ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಘೋಷಣೆಗಿಂತ ಕಾಗದಪತ್ರ, ಚಿತ್ರಗಳು, ಹೊಳೆಯ ಹೂಳಿನ ಲೆಕ್ಕವನ್ನೇ ಅವರು ನೆಚ್ಚಿದರು. ಇದೇ ನಿರ್ಣಾಯಕವಾಯಿತು ಎಂಬುದು ನನ್ನ ಎಣಿಕೆ. ಸಿಂಗಳೀಕಕ್ಕಾಗಿ ಎಷ್ಟು ಜನ ಕದಲುತ್ತಿದ್ದರೋ ಗೊತ್ತಿಲ್ಲ. ಭದ್ರಾ ಜಲಾಶಯ ಹೂಳಿನಿಂದ ತುಂಬುತ್ತದೆ ಎಂಬುದು ಮಾತ್ರ ಬಯಲುಸೀಮೆಯ ನೀರಾವರಿ ರೈತರಿಗೂ ನೇರವಾಗಿ ತಟ್ಟುವ ಮಾತು.

2002ರ ಅಕ್ಟೋಬರ್ 30ರಂದು ನ್ಯಾಯಾಲಯ, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಆದೇಶಿಸಿತು. ನಿಂತಿತು. ನೌಕರರು ಬಿಟ್ಟುಹೋದ ಗಣಿ ಪಟ್ಟಣ ಬರಿದಾಯಿತು. ಉದ್ಯಾನದೊಳಗಿನ ಕುಟುಂಬಗಳ ಸ್ಥಳಾಂತರದ ತಕರಾರು ಮಾತ್ರ ಗಣಿಯೊಂದಿಗೆ ಮುಗಿಯಲಿಲ್ಲ. ಕಾಡು ಉಳಿಸಿದವರ ಬಗ್ಗೆ ಅಲ್ಲಿನ ಕೆಲವರಿಗೆ ಇಂದಿಗೂ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ.

ಕಂಪನಿಯೂ ಮುಚ್ಚಲಿಲ್ಲ. ಸಂಡೂರಿನ ದೇವದಾರಿಯಲ್ಲಿ ಅದು ಗಣಿ ನಡೆಸಲು ಹೊರಟಾಗ, 2024ರಲ್ಲಿ ರಾಜ್ಯದ ಅರಣ್ಯ ಸಚಿವರು ಕುದುರೆಮುಖದ ಹಳೆಯ ಲೋಪಗಳನ್ನು ಮುಂದಿಟ್ಟು ಅರಣ್ಯಭೂಮಿಯ ಹಸ್ತಾಂತರವನ್ನು ತಡೆದರು.